ಅರ್ಧ ಮನೆ ಕಳೆದುಕೊಂಡ ಸಂಗೀತದ ಮಿಸ್

ನಾನು ನಿವೃತ್ತಳಾಗುವುದಕ್ಕೆ ಇನ್ನೊಂದು ವರ್ಷ ಬಾಕಿ ಇದ್ದಾಗಿನ ಮಾತು ಇದು. ವಿಜಯನಗರದ ಒಂದು ಟ್ರಸ್ಟ್ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿ ಎಷ್ಟು ಕೇಳುತ್ತದೆ, ಹೇಗೆ ಕೇಳುತ್ತದೆ ಎಂದು ಅಳೆಯುವವರು. ಔಷಧಿ ಬರೆಯುವುದು ವೈದ್ಯರ ಕೆಲಸ, ನನ್ನದಲ್ಲ. ಈ ವ್ಯತ್ಯಾಸ ಹೇಳಿ ಹೇಳಿ ನನ್ನ ಬಾಯಿ ಒಣಗಿತೇ ಹೊರತು, ಬಂದವರು ನನ್ನನ್ನು ‘ಡಾಕ್ಟ್ರೇ’ ಎನ್ನುವುದನ್ನು ಬಿಡಲಿಲ್ಲ. ಕೊನೆಕೊನೆಗೆ ನಾನೇ ಸುಮ್ಮನಾದೆ.

ನನ್ನ ಕೋಣೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದವರು. ಕರೆದುಕೊಂಡು ಬರುವ ಮಗಳೋ ಸೊಸೆಯೋ ಹೇಳುವ ಮೊದಲ ಮಾತು, ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ ಎಂಬುದು. ಆ ಮಾತು ಕೇಳಿದ ತಕ್ಷಣ ಅರ್ಧ ಪರೀಕ್ಷೆ ಮುಗಿದ ಹಾಗೆಯೇ. ಆದರೆ ಆ ದಿನ ಬೆಳಿಗ್ಗೆ ಒಳಗೆ ಬಂದ ಹುಡುಗಿ ಬಾಗಿಲು ಮುಂದೆ ಮಾಡಿ, ಹೊರಗಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿ ಮಾತಾಡಿದಳು. ಹೆಸರು ರೂಪಾ. ದಾವಣಗೆರೆಯವಳು, ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿ ಬಸವೇಶ್ವರನಗರದ ಅತ್ತೆಮನೆಗೆ ಬಂದು ವರ್ಷವೂ ತುಂಬಿರಲಿಲ್ಲ.

“ಮೇಡಂ, ಅತ್ತೆಯವ್ರು ಹೊರಗೆ ಕುಂತಿದಾರೆ. ಅವ್ರು ಒಳಗೆ ಬರೋ ಮುಂಚೆ ಒಂದು ಮಾತು ಹೇಳ್ಬೇಕಿತ್ರೀ. ಅವ್ರಿಗೆ ಮರೆವಿನ ಕಾಯಿಲೆ ಶುರುವಾದಂಗಿದೆ.”

“ಏನು ಮರೆತರು?” ಎಂದೆ.

“ಮೊನ್ನೆ ಅವ್ರ ಫ್ರೆಂಡ್ ಹತ್ರ ಫೋನಲ್ಲಿ ಮಾತಾಡ್ತಿದ್ರು. ‘ನಂದು ಐದೂವರೆ ಮನೆ ಇತ್ತು ಕಣೇ, ಈಗ ಐದಾಗೋಗಿದೆ, ಅರ್ಧ ಮನೆ ಎಲ್ಲಿ ಹೋಯ್ತೋ ಗೊತ್ತಿಲ್ಲ’ ಅಂದ್ರು. ಅಂದು ಅತ್ತುಬಿಟ್ರು. ನಮಗಿರೋದು ಒಂದೇ ಮನೆ ಮೇಡಂ. ಅದೂ ಸಣ್ಣದು.”

ನಾನು ಹೊಸಹಳ್ಳಿಯ ಹಳೇ ಒಕ್ಕಲು ಮನೆತನದವಳು. ನಮ್ಮ ಕಡೆ ಹೊಲಗಳೆಲ್ಲ ಸೈಟುಗಳಾದ ಮೇಲೆ ನೆಂಟರು ಸಿಕ್ಕಿದರೆ ಆರೋಗ್ಯ ಕೇಳುವ ಮೊದಲು ಎಷ್ಟು ಮನೆ ಎಂದು ಕೇಳುತ್ತಾರೆ. ಐದೂವರೆ ಎಂದರೆ ಐದು ಬಾಡಿಗೆ ಮನೆ, ತಾರಸಿ ಮೇಲೊಂದು ಶೀಟಿನ ರೂಮು. ಹೀಗಾಗಿ ನನಗೆ ಮರೆವಿನ ಯೋಚನೆ ಬರಲೇ ಇಲ್ಲ. ಯಾರೋ ದಾಯಾದಿ ಆ ಶೀಟಿನ ರೂಮನ್ನು ನುಂಗಿ ನೀರು ಕುಡಿಯುತ್ತಿದ್ದಾನೆ ಎಂದೇ ಅಂದುಕೊಂಡೆ.

“ನಿಮ್ಮ ಯಜಮಾನ್ರು ಏನಂತಾರೆ?”

“ಅವ್ರು ಆಫೀಸ್ ಕೆಲಸದ ಮೇಲೆ ಗುಜರಾತಿಗೆ ಹೋಗಿದಾರೆ. ದೂರ ಇರೋರಿಗೆ ಯಾಕೆ ಹೆದರಿಕೆ ಹಚ್ಚೋದು ಅಂತ ಹೇಳಿಲ್ಲ. ತಲೆ ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಅತ್ತೆ ಒಪ್ಪಲ್ಲ. ಕಿವಿ ಬೇಕಾದ್ರೆ ತೋರಿಸ್ತೀನಿ, ತಲೆ ತೋರಿಸಲ್ಲ ಅಂದ್ರು. ಅದಕ್ಕೇ ಇಲ್ಲಿಗೆ ಬಂದ್ವಿ.”

ಅತ್ತೆಯನ್ನು ಒಳಗೆ ಕರೆದೆ. ವಿಶಾಲಾಕ್ಷಮ್ಮ. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುತ್ತಿದ್ದರು. ಬೀದಿಯವರೆಲ್ಲ ಅವರನ್ನು ‘ಮಿಸ್’ ಎಂದೇ ಕರೆಯುತ್ತಿದ್ದರಂತೆ. ನಾನು ಸುತ್ತಿ ಬಳಸದೆ ಆ ಐದೂವರೆ ಮನೆಯ ವಿಚಾರವನ್ನೇ ಕೇಳಿದೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಸೊಸೆಯನ್ನು ನೋಡಿದರು.

“ಅಯ್ಯೋ ದೇವರೇ, ಆ ಮನೆ ಅಲ್ಲ ಕಣಮ್ಮ. ಹಾರ್ಮೋನಿಯಂನಲ್ಲಿ ಕರಿ, ಬಿಳಿ ಪಟ್ಟಿ ಇರತ್ತಲ್ಲ, ಅದಕ್ಕೆ ನಾವು ಮನೆ ಅಂತೀವಿ. ಐದನೇ ಬಿಳಿ ಮನೆ ಐದು, ಅದರ ಪಕ್ಕದ ಕರಿ ಮನೆ ಐದೂವರೆ. ನನ್ನ ಶ್ರುತಿ ಐದೂವರೆ. ಚಿಕ್ಕ ವಯಸ್ಸಿಂದ ನಾನು ಹಾಡೋದು ಅಲ್ಲೇ.”

ರೂಪಾಳ ಮುಖ ಕೆಂಪಾಯಿತು. “ಹಂಗಾರೆ ಮನೆ ಅಂದ್ರೆ ಮನೆ ಅಲ್ವಾ?”

“ಒಂದೇ ಸೂರಿನಡಿ ಇದೀವಲ್ಲಮ್ಮ, ನನ್ನನ್ನೇ ಕೇಳಬಾರದಿತ್ತಾ?”

“ನೀವು ಅಳೋದು ನೋಡಿ ಕೇಳೋ ಧೈರ್ಯ ಬರ್ಲಿಲ್ಲ ಅತ್ತೆ.”

ನನಗೆ ನಗು ತಡೆಯಲಾಗಲಿಲ್ಲ. ನನ್ನ ತಲೆಯೊಳಗಿನ ದಾಯಾದಿಯೂ ಶೀಟಿನ ರೂಮೂ ಒಟ್ಟಿಗೇ ಮಾಯವಾಗಿದ್ದವು. ಸೊಸೆಯೂ ನಕ್ಕಳು. ವಿಶಾಲಾಕ್ಷಮ್ಮ ಮಾತ್ರ ನಗಲಿಲ್ಲ.

“ರೂಪಾ ಅಂದ್ಕೊಂಡಿದ್ದು ಪೂರ್ತಿ ತಪ್ಪೇನಲ್ಲ ಡಾಕ್ಟ್ರೇ,” ಎಂದರು. “ನನಗೆ ಶ್ರುತಿ ಮರೆತು ಹೋಗ್ತಾ ಇದೆ.”

ಅವರು ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಅವರಿಗೆ ಚಿಕ್ಕಂದಿನಿಂದಲೂ ಒಂದು ವಿಶೇಷ ಶಕ್ತಿ ಇತ್ತು. ಯಾವ ವಾದ್ಯದ ಆಸರೆಯೂ ಇಲ್ಲದೆ, ಕೇಳಿದ ಸದ್ದು ಎಷ್ಟನೇ ಮನೆಯದು ಎಂದು ಹೇಳಬಲ್ಲವರಾಗಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಅಬ್ಸಲ್ಯೂಟ್ ಪಿಚ್ ಎನ್ನುತ್ತಾರೆ. ಪಿಚ್ ಎಂದರೆ ಸ್ವರದ ಎತ್ತರ. ಇಂಥ ಕಿವಿ ಬಹಳ ಕಡಿಮೆ ಜನಕ್ಕಿರುತ್ತದೆ. ಕುಕ್ಕರ್ ವಿಷಲ್ ನಾಲ್ಕೂವರೆ, ಪಕ್ಕದ ಮನೆಯ ಕಾಲಿಂಗ್ ಬೆಲ್ ಎರಡು, ಹೀಗೆ ಅವರಿಗೆ ಲೋಕದ ಸದ್ದುಗಳಿಗೆಲ್ಲ ವಿಳಾಸವಿತ್ತು. ಆ ವರ್ಷ ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿದರೆ ಅದು ಐದೂವರೆಯಲ್ಲಿಲ್ಲ, ಐದರಲ್ಲಿದೆ ಎನಿಸಿತು. ಪೆಟ್ಟಿಗೆ ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟರು. ಏನೂ ತೊಂದರೆ ಇಲ್ಲವೆಂದು ಅಂಗಡಿಯವನು ವಾಪಸು ಕೊಟ್ಟ. ಹೊಸದು ತಂದರೆ ಅದೂ ಐದರಲ್ಲೇ ಮಿಡಿಯಿತು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬದೆ, ತಮ್ಮ ಕಿವಿಗೆ ಐದೂವರೆ ಕೇಳಿಸುವಷ್ಟು ಏರಿಸಿಟ್ಟು ಪಾಠ ಮಾಡತೊಡಗಿದರು. ಮಕ್ಕಳು ಮೇಲಿನ ಸ್ವರ ಎಟುಕದೆ ಕೀರಲಾರಂಭಿಸಿದವು. ಮಕ್ಕಳು ಸಾಧನೆ ಮಾಡುತ್ತಿಲ್ಲವೆಂದು ಇವರು ಗದರಿದರು. ಕೊನೆಗೆ ಒಬ್ಬ ಹುಡುಗಿಯ ತಂದೆ ಮೊಬೈಲಿನಲ್ಲಿ ಶ್ರುತಿ ಅಳೆಯುವ ಆ್ಯಪ್ ತೆರೆದು, ಎಲ್ಲರ ಎದುರು ಇವರ ಮುಂದೆ ಹಿಡಿದನಂತೆ.

“‘ಮಿಸ್, ಇದು ಐದೂವರೆ ಅಲ್ಲ, ಆರು’ ಅಂದ. ಅವನ ತಪ್ಪಿಲ್ಲ. ಊರಿನ ಪೆಟ್ಟಿಗೆಗಳೆಲ್ಲ ಒಂದೇ ಸಲ ಕೆಡತ್ತಾ? ಕೆಟ್ಟಿರೋದು ನಾನೇ ಅಂತ ಅವತ್ತು ಗೊತ್ತಾಯ್ತು. ಮುಂದಿನ ತಿಂಗಳಿಂದ ಬೇರೆ ಟೀಚರ್ ನೋಡ್ಕೊಳಿ ಅಂತ ಎಲ್ಲರಿಗೂ ಹೇಳ್ಬಿಟ್ಟಿದೀನಿ.”

ಮತ್ತೆ ಸೇರಿಸಿದರು: “ನಮ್ಮಮ್ಮನೂ ಹಾಡ್ತಿದ್ರು. ಅವರಿಗೂ ಮೊದಲು ಹೋಗಿದ್ದು ಶ್ರುತಿ. ಆಮೇಲೆ ಸಾಹಿತ್ಯ ಹೋಯ್ತು. ಆಮೇಲೆ ನಾವು ಹೋದ್ವಿ. ಕೊನೇಲಿ ನನ್ನನ್ನ ನೋಡಿ, ನೀವು ಯಾರ ಮನೆಯವರಮ್ಮ ಅಂತ ಕೇಳೋರು.”

ರೂಪಾ ಅತ್ತೆಯ ಕೈ ಹಿಡಿದುಕೊಂಡಳು. ತಲೆ ತೋರಿಸಲ್ಲ ಎಂದು ಅವರು ಹಟ ಹಿಡಿದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ತೋರಿಸಿದರೆ ಹೌದು ಎಂದುಬಿಡುತ್ತಾರೆಂಬ ಭಯ ಅದು. ನನಗೂ ಭಯವೇ ಆಯಿತು. ಅವರ ಅನುಮಾನ ನಿಜವಾಗಿದ್ದರೆ ಅದನ್ನು ಮೊದಲು ಕಂಡುಹಿಡಿಯುವ ಪಾಪ ನನ್ನ ತಲೆಗೇ ಬರುತ್ತಿತ್ತು.

ಮೊದಲು ಮಾಮೂಲಿ ಆಡಿಯೋಗ್ರಾಂ ಮಾಡಿದೆ. ಸೌಂಡ್ ಪ್ರೂಫ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಸಿ, ಎಷ್ಟು ಮೆಲ್ಲಗಿನ ಸದ್ದು ಕೇಳುತ್ತದೆ ಎಂದು ನೋಡುವ ಪರೀಕ್ಷೆ. ಎರಡೂ ಕಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದ್ದವು. ಮಾಮೂಲಿ ದಿನವಾಗಿದ್ದರೆ ‘ನಾರ್ಮಲ್’ ಎಂದು ಬರೆದು ಕಳಿಸುತ್ತಿದ್ದೆ. ಆದರೆ ಇವರ ಪ್ರಶ್ನೆ ಕಿವಿಗೆ ಕೇಳುತ್ತದೆಯೇ ಎಂಬುದಲ್ಲ, ಕೇಳಿದ್ದು ಉಳಿಯುತ್ತದೆಯೇ ಎಂಬುದು.

ಸ್ವರದ ನೆನಪಿನಲ್ಲಿ ಎರಡು ಬಗೆ. ಈಗಷ್ಟೇ ಕೇಳಿದ ಸ್ವರವನ್ನು ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಒಂದು. ಇದು ಶಾರ್ಟ್ ಟರ್ಮ್ ಮೆಮೊರಿ. ಸುತ್ತ ಮೌನವಿದ್ದರೆ ಸ್ವರ ಸ್ವಲ್ಪ ಹೊತ್ತು ಸ್ಪಷ್ಟವಾಗಿರುತ್ತದೆ, ಬರಬರುತ್ತಾ ಅಂಚು ಮಾಸುತ್ತದೆ. ನಡುವೆ ಬೇರೆ ಸ್ವರಗಳು ನುಗ್ಗಿದರೆ ಬೇಗ ಕಲೆಸಿಹೋಗುತ್ತದೆ. ಯಾರದೋ ಫೋನ್ ನಂಬರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವಾಗ ಪಕ್ಕದವರು ಬೇರೊಂದು ನಂಬರ್ ಹೇಳಿದರೆ ಎರಡೂ ಹೋಗುತ್ತವಲ್ಲ, ಹಾಗೆ. ಇನ್ನೊಂದು ಬಗೆ, ವರ್ಷಗಟ್ಟಲೆ ಉಳಿಯುವ ನೆನಪು. ಇಂಥ ಸ್ವರಕ್ಕೆ ಇಂಥ ಹೆಸರು ಎಂದು ಮಿಸ್ ಬಾಲ್ಯದಲ್ಲೇ ಒಳಗೆ ಬರೆದಿಟ್ಟುಕೊಂಡಿದ್ದು ಅದು. ಈ ಎರಡರಲ್ಲಿ ಯಾವುದು ಹದಗೆಟ್ಟಿದೆ ಎಂದು ತಿಳಿಯಬೇಕಿತ್ತು.

ನಮ್ಮ ವಿಭಾಗದಲ್ಲಿ ಇದಕ್ಕೆಂದು ಸಿದ್ಧ ಪರೀಕ್ಷೆ ಇರಲಿಲ್ಲ. ಇದ್ದ ಸಲಕರಣೆಯಲ್ಲೇ ಒಂದನ್ನು ಹೊಂದಿಸಿದೆ. ಒಂದು ಸ್ವರ ಕೇಳಿಸುವುದು, ಸ್ವಲ್ಪ ಹೊತ್ತು ಬಿಡುವುದು, ಇನ್ನೊಂದು ಸ್ವರ ಕೇಳಿಸುವುದು. ಎರಡನೆಯದು ಅದೇ ಎತ್ತರದ್ದೋ, ಕೂದಲೆಳೆಯಷ್ಟು ಮೇಲೋ ಕೆಳಗೋ ಎಂದು ಅವರು ಹೇಳಬೇಕು. ಗುನುಗುವಂತಿಲ್ಲ. ಶುರು ಮಾಡಿದ ಕೂಡಲೇ ಗಾಜಿನ ಆಚೆಯಿಂದ ನೋಡಿದರೆ ತುಟಿ ಮುಚ್ಚಿದೆ, ಗಂಟಲು ಮಾತ್ರ ಅಲುಗುತ್ತಿದೆ. ಸ್ವರವನ್ನು ಗಂಟಲಿನಲ್ಲಿ ಕಟ್ಟಿಹಾಕಿಕೊಂಡಿದ್ದಾರೆ.

“ಮಿಸ್, ಕಾಪಿ ಹೊಡೀಬಾರದು,” ಎಂದೆ ಮೈಕಿನಲ್ಲಿ.

ಆ ದಿನ ಅವರು ಮೊದಲ ಸಲ ಸಣ್ಣಗೆ ನಕ್ಕರು. ಆಮೇಲೆ ಗಂಟಲು ಅಲುಗಲಿಲ್ಲ.

ಬಿಡುವನ್ನು ಹೆಚ್ಚಿಸುತ್ತಾ ಹೋದೆ. ಅವರು ತಪ್ಪಲಿಲ್ಲ. ನಡುವೆ ಬೇರೆ ಸ್ವರಗಳನ್ನು ತುರುಕಿದೆ. ಒಂದೆರಡು ಕಡೆ ತಡವರಿಸಿದರು, ಅಷ್ಟು ಯಾರಾದರೂ ತಡವರಿಸುತ್ತಾರೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೇ ಮೊದಲ ಸ್ವರ ಮರೆತುಹೋಗಿರುತ್ತಿತ್ತು, ಸರಿಯೋ ತಪ್ಪೋ ಎಂದು ಪರದೆ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಕೊನೆಯದಾಗಿ ಸ್ವರದ ಬದಲು ಮಾತನ್ನೇ ಅಡ್ಡ ತರೋಣ ಎಂದುಕೊಂಡೆ. ಮೊದಲ ಸ್ವರ ಕೇಳಿಸಿ, ಬಾಯಿಗೆ ಬಂದದ್ದು ಕೇಳಿದೆ.

“ಬೆಳಿಗ್ಗೆ ತಿಂಡಿ ಏನು ಮಿಸ್?”

“ದೋಸೆ. ರೂಪಾ ಮಾಡಿದ್ಲು. ಅವರ ಊರಿನ ಥರ, ಬೆಣ್ಣೆ ಹಾಕಿ.”

“ಎಷ್ಟು ತಿಂದ್ರಿ?”

“ಅರ್ಧ. ಎಡಗಡೆ ಅಗಿಯೋಕೆ ಭಯ, ಒಂದೇ ಕಡೆ ಎಷ್ಟು ಅಂತ ಅಗಿಯೋದು?”

ಎರಡನೇ ಸ್ವರ ಕೇಳಿಸಿದೆ. “ಕೆಳಗೆ, ಒಂಚೂರು,” ಎಂದರು. ಸರಿಯಾಗಿಯೇ ಇತ್ತು. ಆದರೆ ನನ್ನ ಮನಸ್ಸು ದೋಸೆಯ ಹತ್ತಿರವೇ ನಿಂತಿತ್ತು. ಎಡಗಡೆ ಅಗಿಯೋಕೆ ಭಯ ಯಾಕೆ ಎಂದು ಕೇಳಿದೆ.

“ಮುಖದ ನರ ಹಿಡ್ಕೊಂಡಿತ್ತು. ಕೆನ್ನೆ ಮೇಲೆ ಕರೆಂಟ್ ಹೊಡೆದ ಹಾಗೆ ಆಗೋದು. ನರದ ಡಾಕ್ಟ್ರು ಮಾತ್ರೆ ಕೊಟ್ಟಿದಾರೆ, ಈಗ ನೋವಿಲ್ಲ. ಭಯ ಮಾತ್ರ ಉಳ್ಕೊಂಡಿದೆ.”

ಪರೀಕ್ಷೆಗೆ ಮೊದಲು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ನಾನು ಕೇಳಿದ್ದಾಗ ಬಿಪಿಯದು ಮಾತ್ರ ಎಂದಿದ್ದರು. ಸುಳ್ಳು ಹೇಳಿದ್ದಲ್ಲ. ನಮ್ಮ ಜನ ಕಿವಿಯವರ ಹತ್ತಿರ ಕಿವಿಯ ಮಾತಾಡುತ್ತಾರೆ, ಹಲ್ಲಿನವರ ಹತ್ತಿರ ಹಲ್ಲಿನ ಮಾತು. ಕೆನ್ನೆಯ ಮಾತ್ರೆಗೂ ಕಿವಿಗೂ ಏನು ಸಂಬಂಧ ಎಂದು ಅವರಿಗೂ ಅನಿಸಿತ್ತು. ಮಧ್ಯಾಹ್ನ ಊಟದ ನಂತರ ನುಂಗಬೇಕೆಂದು ಮಾತ್ರೆ ಅವರ ಪರ್ಸಿನಲ್ಲೇ ಇತ್ತು. ತೆಗೆದು ತೋರಿಸಿದರು. ಕಾರ್ಬಮಜೆಪಿನ್.

ಈ ಮಾತ್ರೆಯ ಬಗ್ಗೆ ಎಂದೋ ಓದಿದ್ದೆ. ತುಂಬಾ ಒಳ್ಳೆಯ ಔಷಧಿ, ನರದ ನೋವಿಗೂ ಫಿಟ್ಸ್‌ಗೂ ಕೊಡುತ್ತಾರೆ. ಆದರೆ ಅಪರೂಪಕ್ಕೆ ಕೆಲವರಿಗೆ ಎಲ್ಲ ಸ್ವರಗಳನ್ನೂ ಸುಮಾರು ಅರ್ಧ ಮನೆಯಷ್ಟು ಇಳಿಸಿ ಕೇಳಿಸುತ್ತದೆ. ನಮ್ಮಂಥವರಿಗೆ ಎಲ್ಲವೂ ಒಟ್ಟಿಗೆ ಇಳಿದರೆ ಇಳಿದದ್ದೇ ತಿಳಿಯುವುದಿಲ್ಲ. ಪ್ರತಿ ಸದ್ದಿಗೂ ವಿಳಾಸ ಇಟ್ಟುಕೊಂಡವರಿಗೆ ಮಾತ್ರ ಊರೇ ಜಾರಿದಂತಾಗುತ್ತದೆ. ಅಲ್ಲಿಯವರೆಗೆ ಅಂಥ ಒಬ್ಬರನ್ನೂ ನಾನು ಕಣ್ಣಾರೆ ನೋಡಿರಲಿಲ್ಲ.

“ಮಾತ್ರೆ ಶುರು ಮಾಡಿದ್ದು ಯಾವಾಗ?”

“ದಸರಾ ಆದ್ಮೇಲೆ. ಗೊಂಬೆ ಕೂರಿಸಿದಾಗ ಹಾಡಿದ್ದೆ, ಆಗ ಎಲ್ಲ ಸರಿಯಾಗಿತ್ತು.” ಹೇಳುತ್ತಾ ಹೇಳುತ್ತಾ ಅವರೇ ನಿಧಾನವಾದರು. “ಶ್ರುತಿ ಪೆಟ್ಟಿಗೆ ರಿಪೇರಿಗೆ ಕೊಟ್ಟಿದ್ದೂ ಅದಾದ ಸ್ವಲ್ಪ ದಿನಕ್ಕೇ.”

ಮತ್ತೆ ಕೋಣೆಯೊಳಗೆ ಕಳಿಸಿ ಸ್ವರಗಳ ಹೆಸರು ಕೇಳಿದೆ. ಐದೂವರೆ ಕೇಳಿಸಿದರೆ ಐದು ಎಂದರು. ಎರಡೂವರೆಗೆ ಎರಡು. ಆರಕ್ಕೆ ಐದೂವರೆ. ಎಡಗಿವಿಗೂ ಅಷ್ಟೇ, ಬಲಗಿವಿಗೂ ಅಷ್ಟೇ. ಒಂದೂ ಸರಿಯಿಲ್ಲ, ಆದರೆ ಎಲ್ಲವೂ ಅರ್ಧ ಮನೆ ಕೆಳಗೆ, ತಕ್ಕಡಿಯಲ್ಲಿ ತೂಗಿದ ಹಾಗೆ. ಮರೆಯುವವರು ಹೀಗೆ ತಪ್ಪುವುದಿಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಗೊತ್ತೇ ಇಲ್ಲ ಎನ್ನುತ್ತಾರೆ. ವಯಸ್ಸಾದಂತೆ ಇಂಥ ಕಿವಿಯವರಿಗೆ ಸ್ವರ ಜರುಗುವುದುಂಟು, ಆದರೆ ಅದು ವರ್ಷಗಳ ಮೇಲೆ ಮೆಲ್ಲಗೆ ಆಗುತ್ತದೆ, ಸಾಮಾನ್ಯವಾಗಿ ಮೇಲಕ್ಕೆ ಜರುಗುತ್ತದೆ. ಇವರದು ದಿಢೀರನೆ ಕೆಳಕ್ಕೆ ಜಾರಿತ್ತು.

ಹೆಡ್‌ಫೋನ್ ತೆಗೆಸಿ ಎದುರಿಗೆ ಕೂರಿಸಿಕೊಂಡೆ. “ಮಿಸ್, ನಿಮ್ಮ ನೆನಪು ಗಟ್ಟಿಯಾಗಿದೆ. ಕೇಳಿದ ಸ್ವರ ನನಗಿಂತ ಚೆನ್ನಾಗಿ ಹಿಡಿದಿಟ್ಕೊಳ್ತೀರಿ. ಹಳೇ ಹೆಸರುಗಳೂ ಹಾಗೇ ಇವೆ. ಸ್ವರ ನಿಮ್ಮ ಒಳಗೆ ಬರೋವಾಗಲೇ ಇಳಿದು ಬರ್ತಾ ಇದೆ. ಇದು ಮಾತ್ರೆಯಿಂದ ಅಂತ ನನ್ನ ಅನುಮಾನ.”

ಅವರು ಕೇಳಿದ್ದು ಶ್ರುತಿಯ ಬಗ್ಗೆ ಅಲ್ಲ. “ಅಂದ್ರೆ ನಾನು ಅಮ್ಮನ ಥರ ಆಗ್ತಾ ಇಲ್ವಾ?”

“ನಾಳೆಯದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇವತ್ತು ಇಲ್ಲಿ ನಾನು ನೋಡಿದ್ದರಲ್ಲಿ ಮರೆವು ಅನ್ನೋದು ಒಂದೂ ಇಲ್ಲ.”

ಅವರು ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತರು. ರೂಪಾಳೂ ಅತ್ತಳು. ನಾನು ಟಿಶ್ಯೂ ಹುಡುಕುವ ನೆಪದಲ್ಲಿ ಡ್ರಾಯರಿನೊಳಗೆ ಮುಖ ಹಾಕಿದೆ.

ಅಳು ಮುಗಿದ ಮೇಲೆ ಅವರ ಹಟ ಇನ್ನೊಂದು ಕಡೆ ತಿರುಗಿತು. “ಇವತ್ತಿಂದಲೇ ಮಾತ್ರೆ ಬಿಟ್ಟುಬಿಡ್ತೀನಿ. ನೋವು ತಡ್ಕೋಬಹುದು.” ನನಗೆ ರೇಗಿತು. ಈ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ, ಬದಲಿಸುವ ಅಧಿಕಾರ ಅದನ್ನು ಬರೆದುಕೊಟ್ಟ ವೈದ್ಯರಿಗೆ ಮಾತ್ರ, ನನಗೂ ಇಲ್ಲ ನಿಮಗೂ ಇಲ್ಲ ಎಂದು ಗದರಿಸಿಯೇ ಹೇಳಿದೆ. ಪಾಠ ಮಾಡುವವರಿಗೆ ಪಾಠ ಹೇಳಿಸಿಕೊಂಡು ಅಭ್ಯಾಸವಿರುವುದಿಲ್ಲ. ಮುಖ ಊದಿಸಿಕೊಂಡರು, ಆದರೆ ಒಪ್ಪಿದರು.

ನಮ್ಮ ಇಎನ್‌ಟಿ ವೈದ್ಯರಿಗೆ ಎಲ್ಲ ವಿವರಿಸಿ, ಅವರ ಮೂಲಕ ಆ ಮಾತ್ರೆ ಕೊಟ್ಟಿದ್ದ ನರರೋಗ ತಜ್ಞರನ್ನು ಸಂಪರ್ಕಿಸಿದೆವು. ಅವರು ಪೂರ್ತಿ ಕೇಳಿಸಿಕೊಂಡರು. “ಓದಿದೀನಿ, ಆದ್ರೆ ನನ್ನ ಪೇಷೆಂಟ್ ಯಾರೂ ಹೀಗೆ ಹೇಳಿರಲಿಲ್ಲ. ಬದಲಾಯಿಸಿ ನೋಡೋಣ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೋವು ಮರಳದಂತೆ ಒಂದನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಬೇರೊಂದನ್ನು ಸ್ವಲ್ಪಸ್ವಲ್ಪವೇ ಏರಿಸಿದರು.

ಆ ವಾರಗಳಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಕೂತಿತ್ತು, ಆದರೆ ಲೆಕ್ಕ ಸರಿ ಬಂದ ಮಾತ್ರಕ್ಕೆ ಉತ್ತರ ನಿಜವಾಗಬೇಕೆಂದಿಲ್ಲ. ಮಾತ್ರೆ ಬದಲಾದ ಮೇಲೂ ಶ್ರುತಿ ಮರಳದಿದ್ದರೆ? ನನ್ನ ಮಾತು ನಂಬಿ ಸಮಾಧಾನ ಮಾಡಿಕೊಂಡ ಹೆಂಗಸು ಮತ್ತೆ ಅದೇ ಭಯಕ್ಕೆ ಬೀಳುವುದು ಮೊದಲ ಸಲಕ್ಕಿಂತ ಕ್ರೂರ. ರೂಪಾ ಆಗಾಗ ಫೋನ್ ಮಾಡುತ್ತಿದ್ದಳು. ಕೆನ್ನೆ ನೋವಿಲ್ಲ, ಶ್ರುತಿಯೂ ಇಲ್ಲ ಎನ್ನುತ್ತಿದ್ದಳು. ಒಮ್ಮೆ, ಕುಕ್ಕರ್ ಕೂಗಿದಾಗ ಅತ್ತೆ ಒಲೆಯ ಮುಂದೆ ನಿಂತು ತಲೆ ಓರೆ ಮಾಡಿ ಕೇಳಿದರು, ಆದರೆ ಏನೂ ಹೇಳಲಿಲ್ಲ ಎಂದಳು.

ಒಂದು ಬೆಳಿಗ್ಗೆ ಒಪಿಡಿ ಶುರುವಾಗುವ ಮೊದಲೇ ಇಬ್ಬರೂ ನನ್ನ ಬಾಗಿಲಲ್ಲಿದ್ದರು. ರೂಪಾ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ್ದಳು. ಏನಾಯಿತೆಂದು ನಾನು ಕೇಳಲಿಲ್ಲ. ಇಬ್ಬರ ಮುಖ ನೋಡಿದರೇ ತಿಳಿಯುತ್ತಿತ್ತು.

“ನಿನ್ನೆ ಪೆಟ್ಟಿಗೆ ಮುಂದೆ ಕೂತೆ,” ಎಂದರು ವಿಶಾಲಾಕ್ಷಮ್ಮ. “ಅಂಕಿ ನೋಡಬಾರದು ಅಂತ ಮೇಲೆ ಟವಲ್ ಹಾಕಿದ್ದೆ. ತಿರುಗಿಸ್ತಾ ಹೋದೆ. ನನಗೆ ಐದೂವರೆ ಅನ್ನಿಸಿದ ಕಡೆ ನಿಲ್ಲಿಸಿದೆ. ಟವಲ್ ತೆಗೆಯೋಕೆ ಧೈರ್ಯ ಬರಲಿಲ್ಲ. ರೂಪಾನ ಕರೆದು ನೀನೇ ನೋಡಮ್ಮ ಅಂದೆ.”

“ನಾನು ಟವಲ್ ತೆಗೆದೆ ಮೇಡಂ. ಐದೂವರೆನೇ ಇತ್ತು.”

ಪರೀಕ್ಷೆ ಮಾಡಿದೆ. ಮಾಡಲೇಬೇಕಲ್ಲ. ಎಲ್ಲ ಮನೆಗಳೂ ಸ್ವಸ್ಥಾನದಲ್ಲಿದ್ದವು. ಫಲಿತಾಂಶ ನೋಡಿ ನನಗೆ ಹೋದ ಜೀವ ಬಂದಂತಾಯಿತು. ಆಗ ಮಿಸ್ ಇನ್ನೊಂದು ಮಾತು ಕೇಳಿದರು. ಅಮ್ಮನಿಗೂ ಯಾರಾದರೂ ಹೀಗೆ ಕೂರಿಸಿಕೊಂಡು ಕೇಳಿದ್ದರೆ ಏನಾದರೂ ಆಗುತ್ತಿತ್ತೇ ಎಂದು. ನಾನು ಯೋಚಿಸಿಯೇ ಉತ್ತರಿಸಿದೆ. ಮಗಳ ಗುರುತೇ ಹೋಗಿತ್ತು ಎಂದರೆ ಅದು ನಿಜವಾದ ಮರೆವಿನ ಕಾಯಿಲೆ ಇರಬೇಕು, ಮಾತ್ರೆ ಬದಲಿಸಿದರೆ ವಾಪಸಾಗುವಂಥದ್ದಲ್ಲ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ ಎಂದೆ. ಅವರು ತಲೆಯಾಡಿಸಿದರು.

ಕೆಲಸ ನನಗೆ ಕಲಿಸಿದ್ದನ್ನು ಕಿರಿಯರಿಗೆ ಹೀಗೆ ಹೇಳುತ್ತೇನೆ: ಒಬ್ಬರು ತಪ್ಪುತ್ತಿದ್ದಾರೆ ಎಂದಾಗ ಎಷ್ಟು ತಪ್ಪಿದರು ಎಂದು ಎಣಿಸಿ ನಿಲ್ಲಿಸಬೇಡಿ, ಹೇಗೆ ತಪ್ಪಿದರು ಎಂದು ನೋಡಿ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪುವವರೊಳಗೆ ನೆಟ್ಟಗಿರುವುದು ಏನೋ ಇದ್ದೇ ಇರುತ್ತದೆ. ಅದನ್ನು ಮೊದಲು ಹುಡುಕಿ, ಸಿಕ್ಕಿದ ಮೇಲೆ ಅವರಿಗೆ ಬಾಯಿಬಿಟ್ಟು ಹೇಳಿ. ವಯಸ್ಸಾದವರು ನಮ್ಮ ಕೋಣೆಗೆ ಬರುವಾಗ ಏನು ಹೋಗಿದೆ ಎಂಬ ಸುದ್ದಿಗೆ ತಯಾರಾಗಿ ಬಂದಿರುತ್ತಾರೆ. ಏನು ಉಳಿದಿದೆ ಎಂದು ಅವರಿಗೆ ಹೇಳುವವರು ಕಡಿಮೆ.

ಅವತ್ತು ಹೊರಡುವಾಗ ಮಿಸ್ ಬಾಗಿಲ ಹತ್ತಿರ ನಿಂತು ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು.

“ರೂಪಾ, ಎಲ್ಲ ಮಕ್ಕಳ ಮನೆಗೂ ಫೋನ್ ಮಾಡಮ್ಮ. ಸೋಮವಾರದಿಂದ ಪಾಠ ಇದೆ ಅಂತ ಹೇಳು. ಆ ಆ್ಯಪ್ ಇಟ್ಕೊಂಡಿರೋ ಯಜಮಾನ್ರಿಗೆ ಮೊದಲು ಮಾಡು.”